ಒಂದು ಲೋಟ ಉಪ್ಪು ಅಂದರೆ ಎಷ್ಟು? ಅಪ್ಪೆಮಿಡಿ ಭರಣಿ ರಿಪೇರಿಯ ದಿನಚರಿ

ಏಪ್ರಿಲ್ 2, ಬೆಳಿಗ್ಗೆ

ಅಪ್ಪೆಮಿಡಿ, ಅಂದರೆ ಉಪ್ಪಿನಕಾಯಿ ಹಾಕುವ ಘಮದ ಎಳೆ ಮಾವಿನಕಾಯಿ, ತುಂಬಿದ್ದ ಭರಣಿಯ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದೆ. ಮಿಡಿಯ ಪರಿಮಳದ ಜೊತೆ ಇನ್ನೊಂದು ವಾಸನೆಯೂ ಬಂತು, ಹಿಟ್ಟು ಜಾಸ್ತಿ ಹುಳಿ ಬಂದ ಹಾಗೆ. ಉಪ್ಪುನೀರಿನ ಮೇಲೆ ತೆಳ್ಳಗೆ ಬಿಳಿ ಪದರ. ಕಾಯಿಸಿಟ್ಟ ಹಾಲಿನ ಮೇಲೆ ಕೆನೆ ಕಟ್ಟುತ್ತದಲ್ಲ, ಹಾಗೆ. ಅದರ ನಡುವೆ ಇಪ್ಪತ್ತಕ್ಕೂ ಹೆಚ್ಚು ಮಿಡಿಗಳು ನೀರಿನಿಂದ ಅರ್ಧ ಮೇಲೆ ಬಂದು ತೇಲುತ್ತಿದ್ದವು. ಒಂದನ್ನು ಒತ್ತಿದೆ. ಬೆರಳು ಮೆತ್ತಗೆ ಒಳಗೆ ಹೋಯಿತು.

ಮಾರ್ಚ್ 16ಕ್ಕೆ ಹಾಕಿದ ಮಿಡಿ ಇದು. ಒಟ್ಟು 2 ಕಿಲೋ. ಮಲೆನಾಡಿನ ಸಾಗರದ ಕಡೆಯಿಂದ ದೊಡ್ಡಮ್ಮ ಬಸ್ಸಿಗೆ ಹಾಕಿ ಕಳಿಸಿದ್ದರು. ಕೋಲಲ್ಲಿ ಬಡಿದು ಉದುರಿಸಿದ್ದಲ್ಲ, ಮರ ಹತ್ತಿ ಕೈಯಲ್ಲಿ ಕೊಯ್ದಿದ್ದು. ಪ್ರತಿಯೊಂದಕ್ಕೂ ಅರ್ಧ ಇಂಚು ತೊಟ್ಟು ಬಿಟ್ಟಿದ್ದರು, ಸೊನೆ ಸೋರಿ ಹೋಗಬಾರದು ಅಂತ. ಅಪ್ಪೆಮಿಡಿಯ ಘಮ ಇರುವುದೇ ಆ ಸೊನೆಯಲ್ಲಿ. ಬೆಂಗಳೂರಲ್ಲಿ ಕೂತು ಈ ವರ್ಷ ಇಂಥ ಮಿಡಿ ಮತ್ತೆ ತರಿಸುವುದು ಆಗದ ಮಾತು. ಭರಣಿ ಹಾಗೇ ಚೆಲ್ಲಲು ಮನಸ್ಸು ಬರಲಿಲ್ಲ. ದೊಡ್ಡಮ್ಮನಿಗೆ ಫೋನ್ ಮಾಡಿದೆ.

"ಮೇಲೆ ಬಂದಿದ್ದು ಬಿಳಿಯಾ, ಬೇರೆ ಬಣ್ಣವಾ?"

"ಬಿಳಿ, ದೊಡ್ಡಮ್ಮ."

"ಹತ್ತಿ ಥರ ರೋಮ ಎದ್ದಿದ್ಯಾ?"

"ಇಲ್ಲ, ಚಪ್ಪಟೆ ಇದೆ."

"ಹಾಗಾದ್ರೆ ಉಳಿಸಬಹುದು. ಉಪ್ಪು ಸಾಲ್ಲಿಲ್ಲ ಮಾರಾಯ್ತಿ."

ಇದನ್ನು ಎಲ್ಲರೂ ತಿಳಿದಿರಬೇಕು. ಉಪ್ಪುನೀರಿನ ಮೇಲೆ ಚಪ್ಪಟೆಯಾಗಿ, ಬಿಳಿಯಾಗಿ ಹರಡುವ ಪದರ ಸಾಮಾನ್ಯವಾಗಿ ಯೀಸ್ಟ್. ರುಚಿ ಕೆಡಿಸುತ್ತದೆ, ಬಿಟ್ಟರೆ ಕಾಯಿಯನ್ನು ಮೆತ್ತಗೆ ಮಾಡುತ್ತದೆ. ಆದರೆ ಬೇಗ ಕಂಡರೆ ತೆಗೆದು ಸರಿಮಾಡಬಹುದು. ಕಪ್ಪು, ಹಸಿರು, ಗುಲಾಬಿ ಬಣ್ಣದ್ದು ಬಂದಿದ್ದರೆ, ಹತ್ತಿಯಂತೆ ರೋಮ ಎದ್ದಿದ್ದರೆ, ಅಥವಾ ಭರಣಿ ಪೂರ್ತಿ ಕೊಳೆತ ವಾಸನೆ ಇದ್ದರೆ ರಿಪೇರಿ ಇಲ್ಲ. ಅಷ್ಟನ್ನೂ ಚೆಲ್ಲಬೇಕು. ರುಚಿ ನೋಡುವ ಸಾಹಸವೂ ಬೇಡ.

ಏಪ್ರಿಲ್ 2, ಮಧ್ಯಾಹ್ನ

ಸಾಲಲಿಲ್ಲ ಅಂದರೆ ಹೇಗೆ? ಅಳತೆ ಸರಿಯಾಗೇ ಹಾಕಿದ್ದೆನಲ್ಲ. ಪಕ್ಕದ ಮನೆ ಆಂಟಿ ಹೇಳಿದ್ದು ಕಿಲೋ ಮಿಡಿಗೆ ಒಂದು ಲೋಟ ಉಪ್ಪು. ಅವರದ್ದೇ ಸ್ಟೀಲ್ ಲೋಟ ಇಸಿದುಕೊಂಡು ಬಂದು ಎರಡು ಲೋಟ ಹಾಕಿದ್ದೆ. ಅವರ ಮನೆಯ ಮಿಡಿ ಎರಡು ವರ್ಷವಾದರೂ ಕಟುಮ್ ಅನ್ನುತ್ತದೆ.

ವ್ಯತ್ಯಾಸ ಒಂದೇ. ಅವರು ಹಾಕುವುದು ಪ್ಯಾಕೆಟ್ಟಿನ ಪುಡಿ ಉಪ್ಪು. ನಾನು ಹಾಕಿದ್ದು ಜನವರಿಯಲ್ಲಿ ಗೋಕರ್ಣಕ್ಕೆ ಹೋದಾಗ ತಂದದ್ದು, ಹತ್ತಿರದ ಸಾಣಿಕಟ್ಟಾ ಊರಿನ ಆಗರದ (ಉಪ್ಪು ಬೆಳೆಯುವ ಗದ್ದೆಯ) ಹರಳುಪ್ಪು. ಉಪ್ಪು ಉಪ್ಪೇ ಅಲ್ವಾ ಅಂದುಕೊಂಡಿದ್ದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಕೆಳಗಿಳಿಸಿ, ಅದೇ ಲೋಟದಲ್ಲಿ ಮನೆಯಲ್ಲಿದ್ದ ಮೂರೂ ಉಪ್ಪನ್ನು ಅಂಚಿನ ಮಟ್ಟಕ್ಕೆ ತುಂಬಿ ತೂಗಿದೆ.

ಪುಡಿ ಉಪ್ಪು 246 ಗ್ರಾಂ. ಪ್ಯಾಕೆಟ್ಟಿನ ಸಣ್ಣ ಹರಳು 204 ಗ್ರಾಂ. ಸಾಣಿಕಟ್ಟಾದ ದಪ್ಪ ಹರಳು 186 ಗ್ರಾಂ.

ಲೋಟ ಒಂದೇ, ಆದರೆ ಒಂದು ಲೋಟಕ್ಕೇ 60 ಗ್ರಾಂ ವ್ಯತ್ಯಾಸ. ದಪ್ಪ ಹರಳುಗಳ ನಡುವೆ ಗಾಳಿ ಕೂರುತ್ತದೆ. ಪುಡಿ ಒತ್ತಾಗಿ ಕೂರುತ್ತದೆ. ಆಂಟಿಯ ಲೋಟ ಆಂಟಿಯ ಉಪ್ಪಿಗೆ ಸರಿ. ದೊಡ್ಡಮ್ಮನ ಸಿದ್ದೆ (ಅಳತೆಯ ಪಾತ್ರೆ) ದೊಡ್ಡಮ್ಮನ ಉಪ್ಪಿಗೆ ಸರಿ. ಒಬ್ಬರ ಅಳತೆ, ಇನ್ನೊಬ್ಬರ ಉಪ್ಪು ಸೇರಿಸಿದ್ದು ನಾನು. ನಮ್ಮ ಹಿರಿಯರು ಜೀವಮಾನವಿಡೀ ಒಂದೇ ಕಡೆಯ ಉಪ್ಪು, ಒಂದೇ ಪಾತ್ರೆ ಬಳಸಿದರು. ಹಾಗಾಗಿ ಅವರಿಗೆ ತೂಕ ಬೇಕಾಗಲೇ ಇಲ್ಲ. ಅಳತೆಯೊಳಗೇ ತೂಕ ಸೇರಿಕೊಂಡಿತ್ತು.

ಇನ್ನೊಂದು ಅನುಮಾನ ಬಂತು. ಹರಳು ಕೈಗೆ ಸ್ವಲ್ಪ ತಂಪಾಗಿ, ಅಂಟಂಟಾಗಿತ್ತು. 100 ಗ್ರಾಂ ತೂಗಿ, ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದೆ. ಮೊದಲು ಚಟಪಟ ಅಂತ ಸಿಡಿಯಿತು. ಹರಳಿನ ಒಳಗೆ ಸಿಕ್ಕಿಕೊಂಡ ನೀರು ಅದು. ಸದ್ದು ನಿಂತ ಮೇಲೆ ಆರಿಸಿ ತೂಗಿದರೆ 94 ಗ್ರಾಂ. ಅಂದರೆ ನಾನು ಉಪ್ಪು ಅಂತ ಹಾಕಿದ್ದರಲ್ಲಿ 6% ನೀರು.

ಲೆಕ್ಕ ಹೀಗಾಯಿತು. ಹಾಕಬೇಕಿದ್ದದ್ದು ಮಿಡಿಯ ತೂಕದ ಕಾಲು ಭಾಗ, 2 ಕಿಲೋಗೆ 500 ಗ್ರಾಂ. ಹಾಕಿದ್ದು 372. ಅದರಲ್ಲಿ ನಿಜವಾದ ಉಪ್ಪು ಸುಮಾರು 350. ಕೊರತೆ 150 ಗ್ರಾಂ!

ಏಪ್ರಿಲ್ 2, ಸಂಜೆ: ರಿಪೇರಿ

ಮೊದಲು ಒಣ ಮರದ ಸೌಟಿನಲ್ಲಿ ಬಿಳಿ ಪದರವನ್ನು ಎತ್ತಿ ತೆಗೆದೆ. ಆಮೇಲೆ ಮಿಡಿಗಳನ್ನು ಒಂದೊಂದಾಗಿ ಹೊರಗೆ ತೆಗೆದು, ಬಿಳಿ ಬಟ್ಟೆಯ ಮೇಲೆ ಹರಡಿ, ಒತ್ತಿ ನೋಡಿದೆ. ಇದಕ್ಕೆ ಒಂದು ಗಂಟೆಗಿಂತ ಜಾಸ್ತಿ ಹಿಡಿಯಿತು. ಚೆನ್ನಾಗಿರುವ ಮಿಡಿ ಇಷ್ಟು ದಿನಕ್ಕೆ ಸುರುಟಿಕೊಂಡು, ಬಣ್ಣ ಮಾಸಿ, ಒತ್ತಿದರೆ ರಬ್ಬರಿನಂತೆ ವಾಪಸ್ ಬರುತ್ತದೆ. ಕೆಟ್ಟದ್ದು ಸುರುಟಿರುವುದಿಲ್ಲ, ಊದಿದ ಹಾಗಿರುತ್ತದೆ, ತೊಟ್ಟಿನ ಬುಡದಲ್ಲಿ ಕಂದು ಕಲೆ. 23 ಮಿಡಿ ಹೋದವು. ಹೆಚ್ಚಿನವು ಮೇಲೆ ತೇಲುತ್ತಿದ್ದವೇ. ತಳದಲ್ಲಿದ್ದದ್ದರಲ್ಲಿ ಒಂದೂ ಕೆಟ್ಟಿರಲಿಲ್ಲ.

ಇದರಿಂದ ಇನ್ನೊಂದು ವಿಷಯ ಗೊತ್ತಾಯಿತು. ದಪ್ಪ ಹರಳು ನಿಧಾನವಾಗಿ ಕರಗುತ್ತದೆ. ಕರಗದ್ದು ಜಾರಿ ತಳ ಸೇರುತ್ತದೆ. ಉಪ್ಪು ಜಾಸ್ತಿ ಇರುವ ನೀರು ಭಾರ, ಅದು ಕೆಳಗೇ ನಿಲ್ಲುತ್ತದೆ. ಹಾಗಾಗಿ ಮೊದಲ ವಾರ ದಿನಾ ಭರಣಿ ಅಲ್ಲಾಡಿಸದಿದ್ದರೆ ತಳದ ಮಿಡಿಗೆ ಉಪ್ಪೋ ಉಪ್ಪು, ಮೇಲಿನದಕ್ಕೆ ಉಪವಾಸ. ನಾನು ಮೂರು ದಿನ ಅಲ್ಲಾಡಿಸಿ, ಆಮೇಲೆ ಊರಿಗೆ ಹೋಗಿದ್ದೆ.

ಉಪ್ಪುನೀರನ್ನು ಬಟ್ಟೆಯಲ್ಲಿ ಸೋಸಿ, ಒಳ್ಳೆ ದಪ್ಪದ ಸ್ಟೀಲ್ ಪಾತ್ರೆಯಲ್ಲಿ ಕುದಿಯಲು ಇಟ್ಟೆ. ಅಲ್ಯುಮಿನಿಯಂ ಖಂಡಿತ ಬೇಡ, ಉಪ್ಪು ಮತ್ತು ಹುಳಿ ಎರಡೂ ಸೇರಿ ಅದನ್ನು ತಿನ್ನುತ್ತವೆ. ಕುದಿ ಬಂದಾಗ ಬೂದು ಬಣ್ಣದ ನೊರೆ ಎದ್ದಿತು. ಅದನ್ನು ತೆಗೆಯುತ್ತಾ ಹತ್ತು ನಿಮಿಷ ಕುದಿಸಿದೆ. ಇಳಿಸಿ, ಮುಚ್ಚಿ, ರಾತ್ರಿಯಿಡೀ ಆರಲು ಬಿಟ್ಟೆ.

ಬೆಳಿಗ್ಗೆ ನೋಡಿದರೆ ಪಾತ್ರೆಯ ತಳದಲ್ಲಿ ಕೆಂಪು ಮಣ್ಣು, ಉಗುರಿನ ದಪ್ಪಕ್ಕೆ. ಆಗರದ ಮಣ್ಣು ಅದು. ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿಕೊಂಡೆ. ಅದಕ್ಕೆ ಹುರಿದು ಆರಿಸಿದ 150 ಗ್ರಾಂ ಪ್ಯಾಕೆಟ್ ಹರಳು ಹಾಕಿ ಕಲಕಿದೆ. ಎಸೆದ ಮಿಡಿಯ ಲೆಕ್ಕ ಕಳೆಯಲು ಹೋಗಲಿಲ್ಲ. ಎಷ್ಟು ಕಲಕಿದರೂ ಎರಡು ಚಮಚದಷ್ಟು ಉಪ್ಪು ಕರಗದೆ ಉಳಿಯಿತು. ನೀರು ಇನ್ನು ಹಿಡಿಯಲಾರದಷ್ಟು ಉಪ್ಪು ಹಿಡಿದಿದೆ ಅನ್ನುವುದಕ್ಕೆ ಇದೇ ಗುರುತು. ನಮ್ಮ ಹವೆಯಲ್ಲಿ 100 ಮಿಲಿ ನೀರು ಸುಮಾರು 36 ಗ್ರಾಂ ಉಪ್ಪನ್ನು ಕರಗಿಸಿಕೊಳ್ಳುತ್ತದೆ, ಅದಕ್ಕಿಂತ ಮುಂದೆ ಇಲ್ಲ. ಉಳಿದ ಉಪ್ಪನ್ನೂ ಭರಣಿಗೇ ಸುರಿದೆ, ಮಿಡಿಯೊಳಗಿನ ನೀರು ಹೊರಗೆ ಬಂದಂತೆ ಅದಕ್ಕೆ ಬೇಕಾಗುತ್ತದೆ.

ಭರಣಿಯನ್ನು ಬಿಸಿನೀರಲ್ಲಿ ತೊಳೆದು ಬಿಸಿಲಲ್ಲಿ ಒಣಗಿಸಿದ್ದೆ. ಮಿಡಿ ತುಂಬಿ, ನೀರು ಹೊಯ್ದು, ಮೇಲೆ ಪಿಂಗಾಣಿಯ ಸಣ್ಣ ಸಾಸರ್ ಮಗುಚಿ ಇಟ್ಟು, ಅದರ ಮೇಲೆ ನೀರು ತುಂಬಿದ ಪುಟ್ಟ ಗಾಜಿನ ಬಾಟಲಿ ಹೇರಿದೆ. ಉಪ್ಪು ಜಾಸ್ತಿ ಆದಷ್ಟೂ ನೀರಿನ ಭಾರ ಜಾಸ್ತಿ, ಮಿಡಿ ತೇಲುವುದೂ ಜಾಸ್ತಿ. ಸುರುಟಿ, ಉಪ್ಪು ಕುಡಿದ ಮೇಲೆ ತಾನಾಗಿ ಕೆಳಗಿಳಿಯುತ್ತದೆ. ಅಲ್ಲಿಯವರೆಗೆ ಒತ್ತಿ ಹಿಡಿಯಲೇಬೇಕು.

ಏಪ್ರಿಲ್ 3: ಮೂರು ಬಾಟಲಿ

ತಕ್ಕಡಿ ಕೈಯಲ್ಲಿ ಇದ್ದಾಗಲೇ ಇನ್ನೊಂದು ಪ್ರಶ್ನೆ ಬಗೆಹರಿಸಿಕೊಳ್ಳೋಣ ಅನ್ನಿಸಿತು. ಅಯೋಡಿನ್ ಇರುವ ಪುಡಿ ಉಪ್ಪು ಉಪ್ಪಿನಕಾಯಿಗೆ ಆಗುವುದೇ ಇಲ್ಲ ಅಂತ ಎಷ್ಟೋ ಜನ ಹೇಳುತ್ತಾರೆ. ನಿಜವಾ? ಮಿಡಿಯಲ್ಲಿ ಪರೀಕ್ಷೆ ಮಾಡುವಷ್ಟು ಮಿಡಿ ಇರಲಿಲ್ಲ. ಕ್ಯಾರೆಟ್ ತಂದೆ.

ಒಂದೇ ಅಳತೆಯ ಮೂರು ಗಾಜಿನ ಬಾಟಲಿ. ಪ್ರತಿಯೊಂದಕ್ಕೂ ಉದ್ದಕ್ಕೆ ಸೀಳಿದ ಕ್ಯಾರೆಟ್ 300 ಗ್ರಾಂ, ಕುದಿಸಿ ಆರಿಸಿದ ನೀರು 300 ಗ್ರಾಂ. ಎರಡೂ ಸೇರಿ 600, ಅದರ 5% ಅಂದರೆ 30 ಗ್ರಾಂ ಉಪ್ಪು. ಮೊದಲನೆಯದಕ್ಕೆ ಪುಡಿ, ಎರಡನೆಯದಕ್ಕೆ ಪ್ಯಾಕೆಟ್ ಹರಳು, ಮೂರನೆಯದಕ್ಕೆ ಹುರಿದ ಸಾಣಿಕಟ್ಟಾ ಉಪ್ಪು, ನೀರಲ್ಲಿ ಕರಗಿಸಿ ಸೋಸಿದ್ದು.

ಮಿಡಿಗೆ 25%, ಕ್ಯಾರೆಟ್ಟಿಗೆ 5% ಯಾಕೆ ಅಂತ ಕೇಳಬಹುದು. ಎರಡೂ ಕಡೆ ಉಪ್ಪು ಮಾಡುವ ಕೆಲಸವೇ ಬೇರೆ. ಕ್ಯಾರೆಟ್ ಬಾಟಲಿಯಲ್ಲಿ ಕಾಯುವುದು ಹುಳಿ. ತರಕಾರಿಯ ಮೇಲೇ ಇರುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಅದರ ಸಕ್ಕರೆ ತಿಂದು ಹುಳಿ ಮಾಡುತ್ತವೆ, ಮೊಸರಾಗುವ ಹಾಗೇ. 5% ಉಪ್ಪಲ್ಲಿ ಅವು ಬದುಕುತ್ತವೆ, ಕೊಳೆಸುವಂಥವು ಹಿಂದೆ ಬೀಳುತ್ತವೆ. ಮಿಡಿ ಭರಣಿಯಲ್ಲಿ ಕಾಯುವುದು ಉಪ್ಪೇ. ಅಷ್ಟು ಉಪ್ಪಲ್ಲಿ ಯಾವುದೂ ಸುಲಭವಾಗಿ ಬೆಳೆಯುವುದಿಲ್ಲ, ಹಾಗಾಗಿ ವರ್ಷ ಬಾಳುತ್ತದೆ. ತೊಂದರೆ ಇರುವುದು ಇವೆರಡರ ನಡುವೆ. 12-15% ಹತ್ತಿರ ಹುಳಿ ಮಾಡುವವು ಸೋತು ಕೂರುತ್ತವೆ, ಉಪ್ಪು ತಡೆಯುವ ಯೀಸ್ಟ್ ಮಾತ್ರ ಎದ್ದು ನಿಲ್ಲುತ್ತದೆ. ನನ್ನ ಭರಣಿಯ ಮೇಲ್ಭಾಗ ಸಿಕ್ಕಿಕೊಂಡಿದ್ದು ಅಲ್ಲೇ. ಉಪ್ಪು ಕಮ್ಮಿ ತಿನ್ನಬೇಕು ಅಂತ ಮಿಡಿಗೆ ಸುಮ್ನೆ ಅರ್ಧ ಉಪ್ಪು ಹಾಕಬೇಡಿ. ತಿನ್ನುವಾಗ ಅರ್ಧ ಮಿಡಿ ತಿನ್ನಿ.

ಏಪ್ರಿಲ್ 4

ಪುಡಿ ಉಪ್ಪಿನ ಬಾಟಲಿ ಮೊದಲ ದಿನವೇ ಅಕ್ಕಿ ತೊಳೆದ ನೀರಿನ ಥರ. ಇನ್ನೂ ಹುಳಿ ಶುರುವಾಗಿಲ್ಲ, ಗುಳ್ಳೆ ಒಂದೂ ಇಲ್ಲ. ಪ್ಯಾಕೆಟ್ ತಿರುಗಿಸಿ ಓದಿದೆ. ಗಂಟು ಕಟ್ಟದ ಹಾಗೆ ಸೇರಿಸಿದ ಪದಾರ್ಥಗಳ ಜಾಗದಲ್ಲಿ 536, 551 ಅನ್ನುವ ಸಂಖ್ಯೆಗಳಿದ್ದವು. 551 ಅಂದರೆ ಸಿಲಿಕಾ, ನೀರಲ್ಲಿ ಕರಗುವುದಿಲ್ಲ. ಮಂಜು ಕಟ್ಟಿದ್ದು ಅದರಿಂದ. ಆರೋಗ್ಯಕ್ಕೆ ಅದರಿಂದ ತೊಂದರೆ ಇಲ್ಲ. ಆದರೆ ಬಾಟಲಿ ಕೆಡುತ್ತಿದೆಯೋ ಇಲ್ಲವೋ ಅಂತ ನೋಡಿ ತಿಳಿಯುವುದು ಕಷ್ಟವಾಗುತ್ತದೆ.

ಪ್ಯಾಕೆಟ್ ಹರಳಿನದ್ದು ಕನ್ನಡಿಯಂತೆ ತಿಳಿ. ಮೂರನೆಯದು ಸ್ವಲ್ಪ ಹಳದಿ ಛಾಯೆ, ಆದರೆ ತಿಳಿ.

ಏಪ್ರಿಲ್ 6

ಮೂರರಲ್ಲೂ ಗುಳ್ಳೆ ಬಂದಿವೆ, ಮೂರೂ ಮಂಜಾಗಿವೆ. ಈ ಮಂಜು ಒಳ್ಳೆಯದು, ಹುಳಿ ಮಾಡುವವು ಕೆಲಸ ಶುರು ಮಾಡಿವೆ ಅಂತ ಅರ್ಥ. ಮುಚ್ಚಳ ಒಂದು ಸುತ್ತು ಸಡಿಲ ಮಾಡಿ ಗಾಳಿ ಬಿಟ್ಟೆ. ಕ್ಯಾರೆಟ್ ನೀರಿನ ಮೇಲೆ ಬರದ ಹಾಗೆ ಪುನಃ ಒತ್ತಿದೆ.

ಏಪ್ರಿಲ್ 9

ಮೂರೂ ಒಂದೇ ಸಮ ಹುಳಿಯಾಗಿವೆ. ಅಯೋಡಿನ್ ಯಾವುದನ್ನೂ ತಡೆಯಲಿಲ್ಲ. ಅಷ್ಟಕ್ಕೂ ಅದರ ಪ್ರಮಾಣ ಎಷ್ಟು ಸಣ್ಣದು ನೋಡಿ, ನಮ್ಮ ಕೈಗೆ ಬರುವ ಉಪ್ಪಿನಲ್ಲಿ ಕಿಲೋಗೆ ಕನಿಷ್ಠ 15 ಮಿಲಿಗ್ರಾಂ ಇರಬೇಕು ಅಂತ ನಿಯಮ. 2006ರಿಂದ ದೇಶದಲ್ಲಿ ನೇರವಾಗಿ ತಿನ್ನಲು ಮಾರುವ ಉಪ್ಪಿಗೆ ಅಯೋಡಿನ್ ಕಡ್ಡಾಯ. ಹಾಗಾಗಿ ಈಗ ಪ್ಯಾಕೆಟ್ಟಿನ ಹರಳುಪ್ಪಿನಲ್ಲೂ ಅದು ಇರುತ್ತದೆ. ಗಳಗಂಡ ತಡೆಯಲು ಮಾಡಿದ ನಿಯಮ ಅದು. ದಿನದ ಸಾರು, ಪಲ್ಯಕ್ಕೆ ಅಯೋಡಿನ್ ಉಪ್ಪನ್ನೇ ಬಳಸಿ, ಅದರಲ್ಲಿ ಬದಲಾವಣೆ ಬೇಡ. ಉಪ್ಪಿನಕಾಯಿಯ ಉಪ್ಪಿಗೆ ಮಾತ್ರ ಆಯ್ಕೆಯ ಪ್ರಶ್ನೆ ಬರುವುದು.

ರುಚಿಯಲ್ಲಿ ಮೊದಲ ಎರಡಕ್ಕೆ ವ್ಯತ್ಯಾಸ ಸಿಗಲಿಲ್ಲ. ಮೂರನೆಯದರಲ್ಲಿ ಕೊನೆಗೆ ನಾಲಿಗೆಯ ಹಿಂದೆ ಸಣ್ಣ ಕಹಿ. ಗಟ್ಟಿತನದಲ್ಲಿ ಮಾತ್ರ ಮನೆಯವರೆಲ್ಲ ಮೂರನೆಯದಕ್ಕೇ ಕೈಹಾಕಿದರು. ಅದಕ್ಕೆ ಕಾರಣ ಇದೆ. ತೊಳೆದು ಶುದ್ಧ ಮಾಡದ ಸಮುದ್ರದ ಉಪ್ಪಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಉಳಿದಿರುತ್ತವೆ. ಕ್ಯಾಲ್ಸಿಯಂ ತರಕಾರಿಯ ಪೆಕ್ಟಿನ್ (ಅದರ ಕಣಗಳನ್ನು ಅಂಟಿಸಿ ಹಿಡಿಯುವ ಪದಾರ್ಥ) ಜೊತೆ ಸೇರಿ ಅದನ್ನು ಗಟ್ಟಿ ಇಡುತ್ತದೆ. ಕಹಿ ಬರುವುದು, ಗಾಳಿಯ ತೇವ ಎಳೆದು ಉಪ್ಪು ಒದ್ದೆಯಾಗುವುದು ಮೆಗ್ನೀಸಿಯಂನಿಂದ.

ಸೈಂಧವ ಲವಣವನ್ನೂ ಹಾಕಿ ನೋಡಬೇಕಿತ್ತಾ ಅಂತ ತಂಗಿ ಕೇಳಿದಳು. ಹಾಕಬಹುದು, ಕೆಲಸ ಮಾಡುತ್ತದೆ. ಆದರೆ ಅರ್ಧ ಕಿಲೋ ಬೇಕಾಗುವ ಕಡೆ ಅಷ್ಟು ದುಡ್ಡು ಕೊಡಲು ನನಗೆ ಕಾರಣ ಕಾಣಲಿಲ್ಲ. ಗಂಧಕದ ವಾಸನೆಯ ಕಪ್ಪುಪ್ಪು ಮಾತ್ರ ಬೇಡವೇ ಬೇಡ. ಮಿಡಿಯ ಘಮ ಪೂರ್ತಿ ಮುಚ್ಚಿಹೋಗುತ್ತದೆ.

ಏಪ್ರಿಲ್ 12

ದೊಡ್ಡಮ್ಮನಿಗೆ ಕಹಿಯ ವಿಷಯ ಹೇಳಿದೆ. "ಹೊಸ ಉಪ್ಪು ಹಾಕಿದ್ಯಾ? ಉಪ್ಪಿನಕಾಯಿಗೆ ಹಳೆ ಉಪ್ಪು ಬೇಕು" ಅಂದರು. ಅವರ ಮನೆಯಲ್ಲಿ ಬೇಸಿಗೆಯಲ್ಲಿ ತಂದ ಉಪ್ಪನ್ನು ಬುಟ್ಟಿಯಲ್ಲಿ ತುಂಬಿ ಅಟ್ಟಕ್ಕೆ ಏರಿಸುತ್ತಿದ್ದರು. ಮಳೆಗಾಲದಲ್ಲಿ ಅದು ತೇವ ಕುಡಿದು ಹನಿಹನಿಯಾಗಿ ಸೋರುತ್ತಿತ್ತು. ಕೆಳಗೆ ಮಡಕೆ ಇಡುತ್ತಿದ್ದರು. ಮುಂದಿನ ಮಿಡಿ ಕಾಲಕ್ಕೆ ಬುಟ್ಟಿಯಲ್ಲಿ ಉಳಿದದ್ದು ಉಪ್ಪಿನಕಾಯಿಗೆ. ದಿನಬಳಕೆಯದ್ದು ಬೇರೆ, ಒಲೆ ಹತ್ತಿರದ ಮರಿಗೆಯಲ್ಲಿ.

ಇದನ್ನು ಕೇಳಿ ನನಗೆ ಬಹಳ ಖುಷಿಯಾಯಿತು, ಯಾಕೆಂದರೆ ಇದಕ್ಕೂ ಆಗರದಲ್ಲಿ ನೋಡಿದ್ದಕ್ಕೂ ಸರಿಯಾಗಿ ತಾಳೆ ಬೀಳುತ್ತದೆ. ಸಾಣಿಕಟ್ಟಾದಲ್ಲಿ ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯ ಉಪ್ಪುನೀರನ್ನು ಕಟ್ಟೆಗಳ ನಡುವೆ ನಿಲ್ಲಿಸಿ ಬಿಸಿಲಿಗೆ ಬಿಡುತ್ತಾರೆ. ನೀರು ಆರುತ್ತಾ ಬಂದಂತೆ ಸಾಮಾನ್ಯ ಉಪ್ಪು ಮೆಗ್ನೀಸಿಯಂಗಿಂತ ಮೊದಲೇ ಹರಳುಗಟ್ಟುತ್ತದೆ. ಮೆಗ್ನೀಸಿಯಂ ಕೊನೆಯವರೆಗೆ ನೀರಲ್ಲೇ ಉಳಿಯುತ್ತದೆ. ಹರಳನ್ನು ಎಳೆದು ಗುಡ್ಡೆ ಹಾಕಿದಾಗ ಆ ಕಹಿನೀರಿನ ಸ್ವಲ್ಪ ಭಾಗ ಹರಳಿಗೆ ಅಂಟಿಕೊಂಡೇ ಬರುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ತೇವ ಎಳೆದು ಅದೇ ಮೊದಲು ಸೋರಿಹೋಗುತ್ತದೆ. ಅಟ್ಟದ ಬುಟ್ಟಿ ಮಾಡುತ್ತಿದ್ದದ್ದು ಇದನ್ನೇ. ಆ ಕರಾವಳಿಗೆ ಉಪ್ಪು ಬರೀ ಅಡುಗೆಯ ವಸ್ತುವೂ ಅಲ್ಲ. ಅಲ್ಲಿಂದ ಸ್ವಲ್ಪ ಉತ್ತರಕ್ಕೆ ಅಂಕೋಲೆಯಲ್ಲಿ 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದದ್ದು.

ಅಪಾರ್ಟ್‌ಮೆಂಟಿನಲ್ಲಿ ಅಟ್ಟ ಇಲ್ಲ. ನಾನು ಮಾಡಿದ್ದು ಇಷ್ಟು. ಉಳಿದ 3 ಕಿಲೋ ಉಪ್ಪನ್ನು ಬಿದಿರಿನ ಬುಟ್ಟಿಗೆ ಹಾಕಿ, ಕೆಳಗೆ ಪ್ಲಾಸ್ಟಿಕ್ ಟಬ್ ಇಟ್ಟು, ಮೇಲೆ ತೆಳು ಬಟ್ಟೆ ಮುಚ್ಚಿ, ಮಳೆ ಹೊಡೆಯದ ಬಾಲ್ಕನಿ ಮೂಲೆಯಲ್ಲಿ ಇಟ್ಟಿದ್ದೇನೆ.

ಏಪ್ರಿಲ್ 20

ಮಿಡಿ ಭರಣಿ. ಪದರ ಇಲ್ಲ. ವಾಸನೆ ತಿದ್ದಿಕೊಂಡಿದೆ, ಈಗ ಬರೀ ಮಿಡಿ ವಾಸನೆ. ಭಾರ ತೆಗೆದು ನೋಡಿದರೆ ಎಲ್ಲವೂ ತಳದ ಕಡೆ ಇಳಿದಿವೆ. ತಳದ ಉಪ್ಪೂ ಕರಗಿದೆ, ಕಾಲು ಚಮಚದಷ್ಟು ಉಳಿದಿರಬಹುದು.

ಒಂದು ಸಣ್ಣ ಎಚ್ಚರಿಕೆ ಇಲ್ಲೇ ಬರೆದಿಡುತ್ತೇನೆ. ಭರಣಿಯ ಹೊರಮೈಯ ಕೆಳಗೆ ಒಂದು ಕಡೆ ಬಿಳಿ ಪುಡಿ ಕಾಣಿಸಿತು. ಒರೆಸಿದೆ, ಎರಡು ದಿನಕ್ಕೆ ಮತ್ತೆ ಬಂತು. ಒಳಗಿನ ಮೆರುಗಿನಲ್ಲಿ ಕೂದಲೆಳೆಯ ಬಿರುಕು ಇದೆ, ಉಪ್ಪುನೀರು ಅದರಿಂದ ಜಿನುಗಿ ಹೊರಗೆ ಹರಳುಗಟ್ಟುತ್ತಿದೆ. ಇದಕ್ಕೆ ರಿಪೇರಿ ಇಲ್ಲ. ಮಿಡಿಯನ್ನು ದೊಡ್ಡ ಗಾಜಿನ ಜಾಡಿಗೆ ಬದಲಾಯಿಸಿದೆ. ಹಳೆ ಭರಣಿ ಕೊಳ್ಳುವವರು ಒಂದು ರಾತ್ರಿ ತಣಿದ ಉಪ್ಪುನೀರು ತುಂಬಿಟ್ಟು ನೋಡಿ.

ಏಪ್ರಿಲ್ 21

ಮಸಾಲೆ ಹಾಕಿದೆ. ದೊಡ್ಡಮ್ಮ ಹೇಳಿದ ಹಾಗೆ ಉಪ್ಪುನೀರನ್ನು ಇನ್ನೊಮ್ಮೆ ಕುದಿಸಿ ಆರಿಸಿ, ಅದರಲ್ಲೇ ಸಾಸಿವೆ, ಬ್ಯಾಡಗಿ ಮೆಣಸು, ಅರಿಸಿನ ರುಬ್ಬಿದ್ದು. ಹೊರಗಿನ ನೀರು ಒಂದು ಹನಿ ಸೋಕಿಸಲಿಲ್ಲ. ಉಪ್ಪು ಮತ್ತೆ ಸೇರಿಸಲೂ ಇಲ್ಲ.

ಜುಲೈ 14

ಹೊರಗೆ ಎರಡು ದಿನದಿಂದ ಜಿಟಿಜಿಟಿ ಮಳೆ. ಊಟಕ್ಕೆ ಗಂಜಿ. ಜಾಡಿ ತೆರೆದೆ. ನೀರಿನ ಮೇಲೆ ಏನೂ ಇಲ್ಲ. ಮಿಡಿ ಕಚ್ಚಿದರೆ ಕಟುಮ್ ಅಂತು. ಆಂಟಿಗೆ ಒಂದು ಬಟ್ಟಲು ಕೊಟ್ಟು ಬಂದೆ, ಲೋಟವನ್ನೂ ವಾಪಸ್ ಕೊಟ್ಟೆ.

ಬಾಲ್ಕನಿಯ ಬುಟ್ಟಿಯ ಕೆಳಗಿನ ಟಬ್ಬಿನಲ್ಲಿ ಅರ್ಧ ಲೋಟದಷ್ಟು ನೀರು ಸೇರಿತ್ತು. ನಾಲಿಗೆಗೆ ಒಂದು ಹನಿ ಮುಟ್ಟಿಸಿದೆ. ಹಾಗಲಕಾಯಿಗಿಂತ ಕಹಿ. ಬುಟ್ಟಿಯ ಮೇಲಿನ ಹರಳನ್ನು ಬಾಯಿಗೆ ಹಾಕಿಕೊಂಡೆ, ಬರೀ ಉಪ್ಪು. ಬುಟ್ಟಿಗೆ ಒಂದು ಚೀಟಿ ಅಂಟಿಸಿದ್ದೇನೆ: "ಮುಂದಿನ ಮಾರ್ಚ್. ಹುರಿದ ಮೇಲೆ ತೂಗುವುದು. ಕಿಲೋ ಮಿಡಿಗೆ 250 ಗ್ರಾಂ."